ಬಕ್ಕೇಶಪ್ಪ ಮೇಷ್ಟರ ಟೆಲಿವಿಷನ್ ಗೊಂಬೆಯಾಟ

ಹರಿಹರ, ದಾವಣಗೆರೆ ಭಾಗದ ಶಾಲೆಗಳಲ್ಲಿ ಚಿತ್ರಕಲೆ ಮತ್ತು ಕೈಕೆಲಸದ ಪಾಠವನ್ನು ವೇಳಾಪಟ್ಟಿಯ ಮೂಲೆಯಿಂದ ಎತ್ತಿ ಮಕ್ಕಳ ನಡುವೆ ತಂದು ಕೂರಿಸಿದವರು ಯಾರು ಎಂದು ಕೇಳಿದರೆ, ಈ ಸೀಮೆಯ ಯಾವ ಶಿಕ್ಷಕರಾದರೂ ತಡವರಿಸದೆ ಹೇಳುವ ಹೆಸರು ಶ್ರೀ ಬಕ್ಕೇಶಪ್ಪನವರದು. ಮೂವತ್ತಮೂರು ವರ್ಷಗಳ ಸೇವೆಯನ್ನು ಪೂರೈಸಿ ಇದೇ ೧೯೬೯ರ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಅವರ ಶಿಸ್ತು, ಸರಳತೆ, ಶಿಷ್ಯವಾತ್ಸಲ್ಯಗಳನ್ನು ಕುರಿತು ಈ ಸಂಪುಟದ ಇತರ ಲೇಖಕರು ವಿಸ್ತಾರವಾಗಿಯೇ ಬರೆದಿರುತ್ತಾರೆ. ಬರೆದುದೆಲ್ಲ ಸತ್ಯ. ಆದರೆ ಗೌರವದ ಸಂಕೋಚದಿಂದ ಅವರೆಲ್ಲರೂ ಬಿಟ್ಟಿರಬಹುದಾದ ಒಂದು ಗುಣವುಂಟು. ಬಕ್ಕೇಶಪ್ಪನವರು ಮಹಾ ಗಾಬರಿಯ ಮನುಷ್ಯರು.

ತರಗತಿಯ ಬೀಗ ಹಾಕಿ ಗೇಟಿನವರೆಗೆ ಹೋದವರು ಮರಳಿ ಬಂದು ಬೀಗ ಜಗ್ಗಿ ನೋಡದೆ ಒಂದು ದಿನವೂ ಮನೆಗೆ ಹೋದವರಲ್ಲ. ಹತ್ತು ಗಂಟೆಯ ಬಸ್ಸಿಗೆ ಎಂಟೂವರೆಗೇ ಹೋಗಿ ನಿಂತು, ಒಂಬತ್ತೂವರೆಗೆ ಬಸ್ಸು ತಪ್ಪಿತೇನೋ ಎಂದು ಬೆವರುವವರು. ಗೊಂಬೆಯಾಟದ ದಿನವಂತೂ ಬೆಳಗಿನ ಉಪ್ಪಿಟ್ಟು ಗಂಟಲಿನಲ್ಲಿ ಇಳಿಯದು, ಕೈ ನಡುಗುವುದು ನಿಲ್ಲದು. ಆ ನಡುಗುವ ಕೈಗೆ ಗೊಂಬೆ ತೊಡಿಸಿದ ಕ್ಷಣವೇ ನಡುಕವೆಲ್ಲ ಗೊಂಬೆಯ ಕುಣಿತವಾಗಿಬಿಡುತ್ತಿತ್ತು ಎಂಬುದನ್ನು ಕಂಡವರು ಬಲ್ಲರು. ಅವರ ಗಾಬರಿ ಎಂದೂ ತಮ್ಮ ಹೊಟ್ಟೆಪಾಡಿನದಾಗಿರಲಿಲ್ಲ. ತಾವು ನೆಚ್ಚಿದ್ದೊಂದು ಕೈಜಾರಿ ಹೋದೀತೆಂಬ ಭಯ ಅದು. ಆ ಭಯ ಅವರನ್ನು ಅತಿಯಾಗಿ ಹಿಂಡಿದ ಒಂದು ದಿನದ ಕಥೆಯನ್ನು ದಾಖಲಿಸುವುದೇ ಈ ಲೇಖನದ ಉದ್ದೇಶ.

ಬಕ್ಕೇಶಪ್ಪನವರು ದಾವಣಗೆರೆಯ ವ್ಯಾಪಾರಸ್ಥ ಮನೆತನದವರು. ತಂದೆಯವರದು ಹತ್ತಿ, ಶೇಂಗಾದ ಅಡತಿ ಅಂಗಡಿ. ಮಗ ತಕ್ಕಡಿ ಹಿಡಿಯುವ ಬದಲು ಸೀಮೆಸುಣ್ಣ ಹಿಡಿದದ್ದಕ್ಕೇ ಮನೆಯವರಿಗೆ ಸಮಾಧಾನವಿರಲಿಲ್ಲ. ೧೯೩೬ರಲ್ಲಿ ಮಲೆಬೆನ್ನೂರಿನಲ್ಲಿ ಕೆಲಸಕ್ಕೆ ಸೇರಿದರು. ನಾಟಿಯ ದಿನಗಳಲ್ಲಿ ಗದ್ದೆಯಿಂದ ತಡವಾಗಿ ಬರುವ ಮಕ್ಕಳಿಗೆ ತಪ್ಪಿಹೋಗದಿರಲೆಂದು ಚಿತ್ರದ ಪಾಠವನ್ನು ಕಡೆಯ ಗಂಟೆಗೆ ಬದಲಾಯಿಸಿಕೊಂಡು, ಅದರ ಸಲುವಾಗಿ ಸಹೋದ್ಯೋಗಿಗಳ ಕೊಂಕು ಮಾತು ಕೇಳಿದವರು. ಮುಂದೆ ಭಾನುವಳ್ಳಿಯಲ್ಲಿ ಓಬವ್ವನೆಂಬ ಎಡಗೈಯ ಹುಡುಗಿಗೆ ಬೇರೆ ಉಪಾಧ್ಯಾಯರು ಬೆರಳಗಂಟಿಗೆ ಹೊಡೆಯುತ್ತಿದ್ದಾಗ, ಇವರು ಎಡಗೈಗೆ ಸರಿಹೊಂದುವ ಗೊಂಬೆಯೊಂದನ್ನು ಹೊಲಿದು ಅವಳ ಕೈಗೆ ತೊಡಿಸಿದರು. ಆ ಗೊಂಬೆಯನ್ನು ಬಲಗೈಯವರು ಯಾರೂ ಆಡಿಸಲಾರರು. ವಾರದೊಳಗೆ ತರಗತಿಯೆಲ್ಲ ಓಬವ್ವನ ಬೆನ್ನು ಹತ್ತಿತು. ಹೊಡೆಯುವವರಿಗೆ ಒಂದು ಮಾತನ್ನೂ ಆಡದೆ ಹೊಡೆತ ನಿಲ್ಲಿಸಿದ ರೀತಿ ಇದು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

೧೯೫೧ರಲ್ಲಿ ಹರಿಹರಕ್ಕೆ ವರ್ಗವಾಗಿ ಬಂದಾಗ ಅವರಿಗೆ ಪಾಲಯ್ಯನವರ ಪರಿಚಯವಾಯಿತು. ಪಾಲಯ್ಯನವರು ಹೊಳೆಯ ಬದಿಯ ಗುಡಿಸಲಿನಲ್ಲಿದ್ದ ತೊಗಲುಗೊಂಬೆಯ ಹಿರಿಯರು. ಅಜ್ಜನ ಕಾಲದ, ಎಣ್ಣೆ ಕುಡಿದು ಕಪ್ಪಾದ ಮರದ ಪೆಟ್ಟಿಗೆ. ಅದರಲ್ಲಿ ಆಡಿನ ಚರ್ಮವನ್ನು ಹದಮಾಡಿ, ಉಳಿಯಿಂದ ಸಾವಿರ ತೂತು ಕೊರೆದು ಮಾಡಿದ ಎಂಬತ್ತರಷ್ಟು ಗೊಂಬೆ. ತೂತಿನ ಅಂದವನ್ನು ನಕಲು ಮಾಡಿಕೊಳ್ಳಲೆಂದು ಚಿತ್ರದ ಪುಸ್ತಕ ಹಿಡಿದು ಹೋದ ಮೇಷ್ಟ್ರು, ಪರದೆಯ ಹಿಂದೆ ದೀಪ ಹಿಡಿಯುವವರಾದರು. ಎರಡು ವರ್ಷ ಕಳೆಯುವುದರೊಳಗೆ ಗೊಂಬೆ ಹಿಡಿಯುವವರಾದರು. ಅಡತಿ ಅಂಗಡಿಯ ಮಗ ಗೊಂಬೆಯವರ ಗುಡಿಸಲಿನಲ್ಲಿ ಕೂರುತ್ತಾನೆಂದು ತಂದೆಯವರು ಆರು ತಿಂಗಳು ಮಾತು ಬಿಟ್ಟಿದ್ದರಂತೆ.

ವಿದ್ಯೆಯೊಂದಿಗೆ ಪಾಲಯ್ಯನವರ ಕಟ್ಟಳೆಗಳೂ ಮೇಷ್ಟರಿಗೆ ಬಂದವು. ಒಳ್ಳೆಯ ಗೊಂಬೆಯನ್ನೂ ಕೆಟ್ಟ ಗೊಂಬೆಯನ್ನೂ ಪೆಟ್ಟಿಗೆಯಲ್ಲಿ ಮುಖಾಮುಖಿಯಾಗಿ ಇಡಬಾರದು. ಆಟಕ್ಕೆ ಮುಂಚೆ ಪೂಜೆ ಮಾಡಿ ಪೆಟ್ಟಿಗೆಗೆ ಅರಿಸಿನದ ದಾರ ಕಟ್ಟಬೇಕು. ಕಟ್ಟಿದ ದಾರವನ್ನು ಪರದೆ ಏಳುವ ಗಳಿಗೆಯವರೆಗೆ ಬಿಚ್ಚಬಾರದು. ಆಡಿ ಸವೆದು ಹರಿದ ಗೊಂಬೆಯನ್ನು ತಿಪ್ಪೆಗೆ ಎಸೆಯಬಾರದು, ಹೊಳೆಗೆ ಬಿಡಬೇಕು. ಬಕ್ಕೇಶಪ್ಪನವರು ಶಾಲೆಯ ಮಕ್ಕಳಿಂದ ಕಾಗದದ ತಿರುಳಿನ ಕೈಗೊಂಬೆ ಮಾಡಿಸತೊಡಗಿದಾಗಲೂ ಈ ಕಟ್ಟಳೆಗಳಲ್ಲಿ ಒಂದನ್ನೂ ಬಿಡಲಿಲ್ಲ. ಗಾಬರಿಯವರಿಗೆ ಕಟ್ಟಳೆಯೆಂದರೆ ಕೈಗೆ ಸಿಕ್ಕ ಗೋಡೆಯಿದ್ದಂತೆ, ಹಿಡಿದೇ ನಡೆಯುತ್ತಾರೆ.

೧೯೬೫ರ ಜನವರಿಯಲ್ಲಿ ದಾವಣಗೆರೆಯಲ್ಲಿ ಕೈಗಾರಿಕಾ ವಸ್ತುಪ್ರದರ್ಶನವೊಂದು ಏರ್ಪಟ್ಟಿತು. ದೆಹಲಿಯಲ್ಲಿ ಮಾತ್ರ ಇದೆಯೆಂದು ಪತ್ರಿಕೆಯಲ್ಲಿ ಓದುತ್ತಿದ್ದ ಟೆಲಿವಿಷನ್ ಯಂತ್ರವನ್ನು ಅಲ್ಲಿಗೆ ತರಿಸಿದ್ದರು. ಒಂದು ಡೇರೆಯಲ್ಲಿ ಕ್ಯಾಮರಾ, ಅರವತ್ತು ಗಜ ದೂರದ ಇನ್ನೊಂದು ಡೇರೆಯಲ್ಲಿ ಗಾಜಿನ ಮುಖದ ಪೆಟ್ಟಿಗೆ, ನಡುವೆ ತಂತಿ. ಇಲ್ಲಿ ಆಡಿದ್ದು ಅಲ್ಲಿ ಅದೇ ಗಳಿಗೆಯಲ್ಲಿ ಕಾಣುತ್ತಿತ್ತು. ಅದರ ಉಸ್ತುವಾರಿಯನ್ನು ದಾವಣಗೆರೆಯ ರೇಡಿಯೋ ರಿಪೇರಿಯ ಶಬ್ಬೀರ್ ಸಾಹೇಬರಿಗೆ ಒಪ್ಪಿಸಲಾಗಿತ್ತು. ಮಕ್ಕಳಿಗಾಗಿ ಕಾಲುಗಂಟೆಯ ಗೊಂಬೆಯಾಟವೊಂದನ್ನು ಬೆಳಿಗ್ಗೆ ಹತ್ತಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಆಡಿಸಿಕೊಡಬೇಕೆಂದು ಸಮಿತಿಯವರು ಬಕ್ಕೇಶಪ್ಪನವರನ್ನು ಕೇಳಿದರು.

ಸಂತೋಷಪಡಬೇಕಾದ ಆ ವಾರದಲ್ಲಿಯೇ ಪಾಲಯ್ಯನವರು ಎದೆ ಒಡೆಯುವ ಮಾತೊಂದನ್ನು ಆಡಿದ್ದರು. ವರ್ಷದಿಂದ ಅವರನ್ನು ಆಟಕ್ಕೆ ಕರೆದವರಿರಲಿಲ್ಲ. ಪಕ್ಕದ ಟೆಂಟಿನಲ್ಲಿ ಸಿನಿಮಾ ಬಂದರೆ ಪರದೆಯ ಮುಂದೆ ನಾಲ್ಕು ಮಕ್ಕಳೂ ಉಳಿಯುತ್ತಿರಲಿಲ್ಲ. ಸಂಕ್ರಾಂತಿ ಕಳೆದು ಬರುವ ಅಮಾವಾಸ್ಯೆಗೆ ಇಡೀ ಪೆಟ್ಟಿಗೆಯನ್ನು ತುಂಗಭದ್ರೆಗೆ ಬಿಡುವುದೆಂದು ಅವರು ನಿಶ್ಚಯಿಸಿದ್ದರು. ಒಂದೂ ಗೊಂಬೆ ಹರಿದಿಲ್ಲವಲ್ಲ ಅಜ್ಜ, ಎಂದು ಮೇಷ್ಟ್ರು ಅಂಗಲಾಚಿದಾಗ ಅವರು ಹೇಳಿದ್ದು ಇಷ್ಟು:

“ಮಕ್ಕಳು ನೋಡದ ಗೊಂಬೆ ಸತ್ತಂಗೇ ಮೇಷ್ಟ್ರೇ. ಸತ್ತದ್ದನ್ನ ಮನ್ಯಾಗ ಇಟ್ಕೋಬಾರ್ದು.”

ಟೆಲಿವಿಷನ್ ಆಟ ಗೊತ್ತುಪಡಿಸಿದ್ದೂ ಅದೇ ಅಮಾವಾಸ್ಯೆಯ ದಿನಕ್ಕೆ. ಆಟವನ್ನು ಬಂದು ನೋಡಿದ ಮೇಲೆ ಏನು ಬೇಕಾದರೂ ಮಾಡಿ ಎಂದು ಬಕ್ಕೇಶಪ್ಪನವರು ಕಾಲು ಹಿಡಿಯುವುದೊಂದು ಬಾಕಿ. ಕಡೆಗೆ ಮುದುಕರು ಒಪ್ಪಿದರು. ಆ ಹೊಸ ಪೆಟ್ಟಿಗೆಯಲ್ಲಿ ಗೊಂಬೆ ಕಂಡು ಮಕ್ಕಳು ನಕ್ಕರೆ ಗೊಂಬೆಗೆ ಇನ್ನೂ ಆಯಸ್ಸಿದೆಯೆಂದು ತಿಳಿಯುವುದು. ನಗದಿದ್ದರೆ ಅಂದೇ ಹೊತ್ತು ಮುಳುಗುವುದರೊಳಗೆ ಹೊಳೆಗೆ. ಮೂರು ತಲೆಮಾರಿನ ಪೆಟ್ಟಿಗೆಯ ಪ್ರಾಣ ಹೀಗೆ ಮೇಷ್ಟರ ಕಾಲುಗಂಟೆಯ ಆಟಕ್ಕೆ ಗಂಟುಬಿದ್ದಿತು. ಅಂದಿನಿಂದ ಅವರಿಗೆ ನಿದ್ದೆಯೂ ಇಲ್ಲ, ಊಟವೂ ಇಲ್ಲ.

ಆಟ ಸರಳವಾದದ್ದು. ಗಾಡಿಯಿಂದ ಬೆಲ್ಲ ಕದಿಯುವ ಕೆಂಪು ಮೋರೆಯ ಕಳ್ಳ, ಅವನನ್ನು ಹಿಡಿಯುವ ಹಸಿರು ಮೋರೆಯ ಕಾವಲುಗಾರ. ಎರಡು ತಲೆಗಳನ್ನೂ ಮಕ್ಕಳು ಒಂದೇ ಕುಡಿಕೆಯ ಮೇಲೆ ಕಾಗದದ ತಿರುಳು ಮೆತ್ತಿ ಮಾಡಿದ್ದರು. ಬೇರೆಯಾಗಿದ್ದದ್ದು ಬಣ್ಣ ಮಾತ್ರ. ಮಾತು ಹೇಳುವವರು ಸಹೋದ್ಯೋಗಿ ನಿರ್ಮಲಮ್ಮನವರು. ಹಿಂದಿನ ದಿನ ಶಬ್ಬೀರ್ ಸಾಹೇಬರು, ಗೊಂಬೆಗಳನ್ನು ಒಮ್ಮೆ ದೀಪದ ಕೆಳಗಿಟ್ಟು ಯಂತ್ರದಲ್ಲಿ ಹೇಗೆ ಕಾಣುತ್ತವೋ ನೋಡಿಬಿಡೋಣ ಎಂದು ಎರಡು ಸಲ ಕೇಳಿದರು. ಬಕ್ಕೇಶಪ್ಪನವರು ಆಗಲೇ ಪೂಜೆ ಮುಗಿಸಿದ್ದರು.

“ದಾರ ಕಟ್ಟಿಬಿಟ್ಟೀನಿ ಸಾಹೇಬ್ರೇ. ಇನ್ನು ಆಟಕ್ಕೇ ಬಿಚ್ಚೋದು,” ಎಂದರು.

ಸಾಹೇಬರೂ ದೇವರು ದಿಂಡರ ವಿಷಯದಲ್ಲಿ ಒತ್ತಾಯ ಮಾಡುವವರಲ್ಲ. ದೀಪ ಆರಿಸಿ ಹೋದರು.

ಮರುದಿನ ಬೆಳಿಗ್ಗೆ ಆಟ ಆರಂಭವಾಯಿತು. ಉರಿಯುವ ದೀಪಗಳ ಕೆಳಗೆ, ಅಡ್ಡ ಕಟ್ಟಿದ ಬಟ್ಟೆಯ ಹಿಂದೆ ಮಂಡಿಯೂರಿ, ಎರಡೂ ಕೈ ಮೇಲೆತ್ತಿ ಬಕ್ಕೇಶಪ್ಪನವರು ಗೊಂಬೆ ಆಡಿಸಿದರು. ಬೆವರು ಕಣ್ಣಿಗಿಳಿಯಿತು. ಆದರೆ ಅವರನ್ನು ಕಂಗೆಡಿಸಿದ್ದು ಬೇರೊಂದು. ಪರದೆಯ ಹಿಂದೆ ಕಳೆದ ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ಬಟ್ಟೆಯ ಆಚೆ ಮಕ್ಕಳಿರಲಿಲ್ಲ. ಮಕ್ಕಳ ಉಸಿರು, ಕಿಸಕ್ಕೆನ್ನುವ ನಗು, ಪಕ್ಕದವನಿಗೆ ತಿವಿಯುವ ಸದ್ದು, ಇವುಗಳ ಮೇಲೇ ಅವರ ಆಟ ನಡೆಯುತ್ತಿತ್ತು. ಇಲ್ಲಿ ಎದುರಿಗೆ ಒಂದು ಗಾಜಿನ ಕಣ್ಣು, ಅದು ನಗುವುದೂ ಇಲ್ಲ, ಅಳುವುದೂ ಇಲ್ಲ. ಮಾತಿನ ನಡುವೆ ನಿರ್ಮಲಮ್ಮನವರತ್ತ ತಿರುಗಿ ಕಣ್ಣಿನಲ್ಲೇ ಕೇಳಿದರು. ಆಕೆಗಾದರೂ ಏನು ಗೊತ್ತು? ಬಾವಿಗೆ ಕಲ್ಲು ಹಾಕಿ ತಳ ಮುಟ್ಟಿದ ಸದ್ದಿಗೆ ಕಾದಂತೆ ಇಬ್ಬರೂ ಕಾದರು. ಸದ್ದು ಬರಲಿಲ್ಲ.

ಆಟ ಮುಗಿದದ್ದೇ ತಡ, ಮೇಷ್ಟ್ರು ಕೈಯ ಗೊಂಬೆ ಬಿಚ್ಚದೆ ಗಾಜಿನ ಪೆಟ್ಟಿಗೆಯಿದ್ದ ಡೇರೆಗೆ ಓಡಿದರು. ಅರ್ಧ ಜಮಖಾನ ಬರಿದಾಗಿತ್ತು. ಉಳಿದ ಮಕ್ಕಳು ಕಳ್ಳ ಯಾರು, ಕಾವಲುಗಾರ ಯಾರು ಎಂದು ಜಗಳಕ್ಕೆ ನಿಂತಿದ್ದರು. ಭಾನುವಳ್ಳಿಯ ಒಂದು ಪುಟ್ಟ ಹುಡುಗಿಗಂತೂ ಬೆಲ್ಲದ ಗಾಡಿಯವನೇ ಕಳ್ಳನೆಂಬ ನಂಬಿಕೆ ಬಂದುಬಿಟ್ಟಿತ್ತು. ಯಾರೂ ನಕ್ಕಿರಲಿಲ್ಲ. ಮುಂದಿನ ಸಾಲಿನಲ್ಲಿ ಪಾಲಯ್ಯನವರಿಗೆಂದು ಹಾಕಿಸಿದ್ದ ಕುರ್ಚಿ ಖಾಲಿ. ಮುದುಕರು ಆಟ ಮುಗಿಯುವ ಮೊದಲೇ ಎದ್ದು ಬಸ್ ಸ್ಟ್ಯಾಂಡಿನ ದಾರಿ ಹಿಡಿದರೆಂದು ಬಾಗಿಲಿನವರು ಹೇಳಿದರು.

ಶಬ್ಬೀರ್ ಸಾಹೇಬರು ಮೇಷ್ಟರನ್ನು ಗಾಜಿನ ಪೆಟ್ಟಿಗೆಯ ಮುಂದೆ ಕೂರಿಸಿ, ತಾವು ಹೋಗಿ ಎರಡೂ ಗೊಂಬೆಗಳನ್ನು ಕ್ಯಾಮರಾದ ಎದುರು ಹಿಡಿದರು. ಗಾಜಿನಲ್ಲಿ ಕೆಂಪೂ ಇಲ್ಲ, ಹಸಿರೂ ಇಲ್ಲ. ಒಂದೇ ಕುಡಿಕೆಯಿಂದ ಹುಟ್ಟಿದ, ಒಂದೇ ಬೂದಿ ಬಣ್ಣದ ಎರಡು ಮೋರೆ, ಅವಳಿಜವಳಿ. ಕಳ್ಳನನ್ನು ಹಿಡಿದವನೂ ಕಳ್ಳನೇ, ಕದ್ದವನೂ ಕಾವಲುಗಾರನೇ. ದಾರವೊಂದನ್ನು ನಿನ್ನೆ ಬಿಚ್ಚಿದ್ದರೆ ತಿಳಿಯುತ್ತಿದ್ದ ಸಂಗತಿ. ಗುರುವಿನ ಕಟ್ಟಳೆಯನ್ನು ಉಳಿಸಲು ಹೋಗಿ ಗುರುವಿನ ಗೊಂಬೆಗಳನ್ನೇ ಮುಳುಗಿಸಿದೆನಲ್ಲ ಎಂದು ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ಕೂಡಲೇ ಹರಿಹರಕ್ಕೆ ಹೊರಟು ನಿಂತರು. ನಿರ್ಮಲಮ್ಮನವರು ಅಡ್ಡ ಬಂದರು. ಬಸ್ಸು ಸಿಕ್ಕಿ, ಮುದುಕರು ಸಿಕ್ಕಿ, ಮತ್ತೆ ಬಸ್ಸು ಸಿಕ್ಕಿ ನಾಲ್ಕರೊಳಗೆ ಬರುವುದು ನೆಚ್ಚಲಾಗದ ಮಾತು. ಸಂಜೆಯ ಆಟಕ್ಕೆ ಹಳ್ಳಿಹಳ್ಳಿಯಿಂದ ಮುನ್ನೂರು ಮಕ್ಕಳು ಆಗಲೇ ಹೊರಟಿದ್ದರು. “ಆ ಮಕ್ಕಳೂ ನಗದೆ ಹೋದ್ರೆ ಅಜ್ಜನ ಮುಂದೆ ಏನಂತ ನಿಂದರ್ತೀರಿ?” ಎಂದರು ಆಕೆ. ಬಕ್ಕೇಶಪ್ಪನವರು ಹೆಗಲಿನ ಚೀಲ ಕೆಳಗಿಟ್ಟರು. ತಮ್ಮ ಮೂವತ್ತಮೂರು ವರ್ಷಗಳ ಸೇವೆಯಲ್ಲಿ ತೀರ ಕಷ್ಟದ ಕೆಲಸ ಯಾವುದೆಂದರೆ, ಅಂದು ಆ ಬಸ್ಸು ಹತ್ತದೆ ಉಳಿದದ್ದು ಎಂದು ಅವರು ಇಂದಿಗೂ ಹೇಳುತ್ತಾರೆ.

ಹೀಗೆ ಉಳಿದುಕೊಂಡ ಮೇಷ್ಟ್ರು ಕಾಲು ಸುಟ್ಟ ಬೆಕ್ಕಿನಂತೆ ಡೇರೆಯಲ್ಲಿ ತಿರುಗಿದರು. ತಮ್ಮ ಸಂಚಿಯ ವಿಭೂತಿ ಗಟ್ಟಿಯನ್ನು ತೇದು ಕಾವಲುಗಾರನ ಮೋರೆಗೆ ಬಳಿದರು, ಲಾಟೀನಿನ ಮಸಿ ತೆಗೆದು ಕಳ್ಳನಿಗೆ ಬಳಿದರು. ಗಾಜಿನಲ್ಲಿ ನೋಡಿದರೆ ಒಬ್ಬ ಹಿಟ್ಟಿನ ಗಿರಣಿಯಿಂದ, ಇನ್ನೊಬ್ಬ ಒಲೆಯೊಳಗಿಂದ ಎದ್ದು ಬಂದಂತಿದ್ದರು. ಗುರುತೇನೋ ಸಿಕ್ಕಿತು, ಜೀವ ಹೋಯಿತು. ದೀಪದ ಕಾವಿಗೆ ವಿಭೂತಿ ಒಣಗಿ ಪುಡಿಪುಡಿಯಾಗಿ ಉದುರಿತು. ಎರಡು ಗಂಟೆಯಾಯಿತು, ಮೂರಾಯಿತು. ಅಷ್ಟು ಹೊತ್ತಿಗೆ ಮುದುಕರು ಹೊಳೆ ಮುಟ್ಟಿರುತ್ತಾರೆ. ಅಷ್ಟು ಹೊತ್ತಿಗೆ ಪೆಟ್ಟಿಗೆ ತೆರೆದಿರುತ್ತಾರೆ. ಇದೊಂದೇ ಲೆಕ್ಕ ಅವರ ತಲೆಯಲ್ಲಿ ಸುತ್ತುತ್ತಿತ್ತು.

ಮೂರೂವರೆಗೆ ಡೇರೆಯ ಬಾಗಿಲಲ್ಲಿ ಪಾಲಯ್ಯನವರು ಕಾಣಿಸಿದರು. ಬರಿಗೈ. ಪಂಚೆ ಮೊಣಕಾಲಿನ ಮೇಲಿನವರೆಗೆ ಒದ್ದೆ, ಅಂಚಿಗೆ ಹೊಳೆಯ ಮರಳು ಮೆತ್ತಿತ್ತು. ಬಕ್ಕೇಶಪ್ಪನವರು ಆ ಮರಳನ್ನು ನೋಡಿ ಕುಸಿದು ಕುಳಿತರು. ಮುದುಕರೇ ಮಾತೆತ್ತಿದರು.

“ಹಂಗ್ಯಾಕ ಕುಂತ್ರಿ ಮೇಷ್ಟ್ರೇ. ಪೆಟ್ಟಿಗೆ ಜಟಕಾದಾಗ ಐತೆ, ಇಳಿಸ್ಕೊಳ್ರಿ. ನನ್ನ ಕೈಲಾಗಲ್ಲ.”

ಕಪ್ಪು ಪೆಟ್ಟಿಗೆ ಒಳಗೆ ಬಂದಿತು. ಅದಕ್ಕೆ ದಾರವಿರಲಿಲ್ಲ.

ಪಾಲಯ್ಯನವರು ಮಾತು ತಪ್ಪುವವರಲ್ಲ. ಮಕ್ಕಳು ನಗಲಿಲ್ಲವೆಂದು ಕಂಡದ್ದರಿಂದ ನೆಟ್ಟಗೆ ಮನೆಗೆ ಹೋಗಿ, ಪೆಟ್ಟಿಗೆಯನ್ನು ಹೊರಿಸಿಕೊಂಡು ಹೊಳೆಗಿಳಿದಿದ್ದರು. ಪೂಜೆ ಮಾಡಿದ್ದರು, ದಾರ ಹರಿದಿದ್ದರು, ಮೊದಲ ಗೊಂಬೆಯನ್ನು ಎತ್ತಿಯೂ ಇದ್ದರು.

“ಮೊಣಕಾಲುದ್ದ ನೀರಾಗ ನಿಂತು ಮ್ಯಾಲೆ ಎತ್ತಿದೆ. ಬಿಸಿಲು ತೂತಿನಾಗ ಹಾದು ನೀರಿನ ಮ್ಯಾಲೆ ಬಿತ್ತು. ಬಣ್ಣ ಕಾಣಲಿಲ್ಲ, ಬರೀ ನೆಳ್ಳು, ಬೆಳಕು. ನಿಮ್ಮ ಪೆಟ್ಟಿಗ್ಯಾಗ ಬೆಳಿಗ್ಗೆ ಕಂಡಿದ್ದೂ ಅದೇ ಅಲ್ಲೇನ್ರಿ? ಅದು ನಮ್ಮ ಪರದೇನೇ, ಮೇಷ್ಟ್ರೇ. ನೀವು ಬಣ್ಣದ ಗೊಂಬೆ ಒಯ್ದಿದ್ರಿ, ಅಷ್ಟೇ.”

ದಾರ ಎಲ್ಲಿ ಎಂದು ಮೇಷ್ಟ್ರು ಆಗಲೂ ಕೇಳಿದರಂತೆ. ಮತ್ತೆ ಪೂಜೆ ಮಾಡಿ ಕಟ್ಟಿ ಬಿಚ್ಚಲು ಹೊತ್ತು ಸಾಲದಲ್ಲ ಎಂಬ ಗಾಬರಿ.

“ಹೊಳಿಗೆ ಹೋಗಿ ಏನೂ ಕೊಡದೆ ಬರಬಾರ್ದು ನೋಡ್ರಿ,” ಎಂದರು ಪಾಲಯ್ಯ. “ದಾರ ಕೊಟ್ಟು ಬಂದೆ.”

ಉಳಿದ ಅರ್ಧ ಗಂಟೆಯಲ್ಲಿ ಶಬ್ಬೀರ್ ಸಾಹೇಬರು ಬಿಳಿ ಪಂಚೆಯೊಂದನ್ನು ಬಿಗಿದು ಕಟ್ಟಿ, ದೀಪಗಳನ್ನೆಲ್ಲ ಅದರ ಹಿಂದಕ್ಕೆ ತಿರುಗಿಸಿದರು. ಕಥೆ ಅದೇ, ನಿರ್ಮಲಮ್ಮನವರ ಮಾತೂ ಅದೇ. ಕಳ್ಳನಾಗಿ ಡೊಳ್ಳು ಹೊಟ್ಟೆಯ, ಡೊಂಕು ಮೂಗಿನ ಹಾಸ್ಯದ ಗೊಂಬೆ. ಕಾವಲುಗಾರನಾಗಿ ಈಟಿ ಹಿಡಿದ ಬಡಕಲು ಸಿಪಾಯಿ. ಕುರುಡನಿಗೂ ಗುರುತು ಸಿಗುವ ಜೋಡಿ. ಗುರು ಶಿಷ್ಯರು ಭುಜಕ್ಕೆ ಭುಜ ತಾಗಿಸಿ ನಿಂತು ಆಡಿಸತೊಡಗಿದರು. ಈಗಲೂ ಎದುರಿಗೆ ಅದೇ ಗಾಜಿನ ಕಣ್ಣು, ಅದೇ ಮೌನ. ಕಳ್ಳ ಗಾಡಿ ಹತ್ತಿದ, ಮೌನ. ಬೆಲ್ಲದ ಅಚ್ಚಿಗೆ ಕೈ ಹಾಕಿದ, ಮೌನ. ಬಕ್ಕೇಶಪ್ಪನವರ ಕೈ ಗೊಂಬೆ ಹಿಡಿದ ಮೇಲೂ ನಡುಗಿದ್ದು ಅದೊಂದೇ ಸಲ. ಪಾಲಯ್ಯನವರು ತಮ್ಮ ಮೊಣಕೈಯನ್ನು ಅವರ ಮೊಣಕೈಗೆ ಒತ್ತಿ ಹಿಡಿದರು. ಸಿಪಾಯಿ ಗಾಡಿಯ ಹಿಂದೆ ಅಡಗಿ ಕುಳಿತ. ಕಳ್ಳ ಡೊಳ್ಳು ಕುಣಿಸುತ್ತ ಇಳಿದ.

ಆಗ ಅರವತ್ತು ಗಜದಾಚೆಯಿಂದ, ಎರಡು ಡೇರೆಗಳ ಬಟ್ಟೆಯನ್ನು ದಾಟಿ, ಮುನ್ನೂರು ಮಕ್ಕಳ ನಗು ಒಮ್ಮೆಲೇ ಬಂದು ಬಿದ್ದಿತು. ಬೆನ್ನಿಗೇ ಕೂಗು: ಹಿಂದೆ ಅದಾನೆ, ಹಿಂದೆ ನೋಡೋ ಎಂದು ಗಾಜಿನೊಳಗಿನ ಕಳ್ಳನಿಗೆ ಎಚ್ಚರಿಕೆ ಹೇಳುತ್ತಿದ್ದರು ಮಕ್ಕಳು. ಬೆಲ್ಲ ಕದ್ದವನ ಮೇಲೆ ಮಕ್ಕಳಿಗೆ ಯಾವತ್ತೂ ಒಂದು ಬಗೆಯ ಅಭಿಮಾನ. ಬಕ್ಕೇಶಪ್ಪನವರು ಅತ್ತರು. ಎರಡೂ ಕೈ ಮೇಲಿದ್ದುದರಿಂದ ಕಣ್ಣೊರೆಸಿಕೊಳ್ಳಲಾಗದೆ ಅಳುತ್ತಲೇ ಆಟ ಮುಗಿಸಿದರು.

ಮೂರನೆಯ ದಿನ ಯಂತ್ರವನ್ನು ಮೂಟೆ ಕಟ್ಟಿ ಒಯ್ದರು. ಆ ಆಟ ಎಲ್ಲಿಯೂ ಉಳಿದಿಲ್ಲ, ಕಂಡ ಮಕ್ಕಳ ನೆನಪಿನಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ. ಪೆಟ್ಟಿಗೆ ಮಾತ್ರ ಹೊಳೆಗೂ ಹೋಗಲಿಲ್ಲ, ಗುಡಿಸಲಿಗೂ ಮರಳಲಿಲ್ಲ. ಮಕ್ಕಳಿರುವಲ್ಲಿ ಇರಲೆಂದು ಪಾಲಯ್ಯನವರು ಅದನ್ನು ಹರಿಹರದ ಶಾಲೆಯಲ್ಲಿಯೇ ಇಟ್ಟರು. ವಾರಕ್ಕೆರಡು ದಿನ ಬಂದು ತೂತು ಕೊರೆಯುವುದನ್ನು ಕಲಿಸಿದರು. ಎರಡು ವರ್ಷದ ಹಿಂದೆ ಅವರು ತೀರಿಕೊಂಡಾಗ ಮಣ್ಣು ಹಾಕಿದವರಲ್ಲಿ ಅಡತಿ ಅಂಗಡಿಯ ಈ ಮಗನೂ ಒಬ್ಬರು.

ಅಂದಿನಿಂದ ಬಕ್ಕೇಶಪ್ಪನವರು ಆ ಪೆಟ್ಟಿಗೆಗೆ ದಾರ ಕಟ್ಟಿಲ್ಲ. ಪೂಜೆ ಬಿಟ್ಟಿಲ್ಲ, ಒಳ್ಳೆಯದನ್ನೂ ಕೆಟ್ಟದ್ದನ್ನೂ ಮುಖಾಮುಖಿ ಇಟ್ಟಿಲ್ಲ. ದಾರ ಮಾತ್ರ ಇಲ್ಲ. ಯಾವ ಮಗು ಯಾವ ಹೊತ್ತಿನಲ್ಲಾದರೂ ತೆರೆದು ನೋಡಬಹುದು. ತೆರೆದಾಗಲೆಲ್ಲ ಮೇಷ್ಟ್ರು ಪಕ್ಕದಲ್ಲಿ ನಿಂತು, ಕಿವಿ ಮುರಿದೀತು, ಕೈ ಹರಿದೀತು ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಾರೆ. ಹರಿದರೆ ಬೈಯುವುದಿಲ್ಲ. ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊಲಿಯುತ್ತಾರೆ. ಈ ನಾಲ್ಕು ವರ್ಷಗಳಲ್ಲಿ ಅಲ್ಲಿಂದ ಒಂದು ಗೊಂಬೆಯೂ ಹೊಳೆ ಕಂಡಿಲ್ಲ.

ನಿವೃತ್ತಿಯ ನಂತರ ಅವರು ಹರಿಹರದಲ್ಲಿಯೇ ನೆಲೆಸುವವರಿದ್ದಾರೆ. ಶಾಲೆಯ ಬೀಗವನ್ನು ಇನ್ನು ಬೇರೆಯವರು ಹಾಕುತ್ತಾರೆ; ಅದನ್ನು ಜಗ್ಗಿ ನೋಡಲು ಸಂಜೆ ಹೊತ್ತು ಅವರು ಅತ್ತ ಸುಳಿದರೆ ಯಾರೂ ತಡೆಯಬಾರದಾಗಿ ವಿನಂತಿ. ಇಂತಹ ಸಂದರ್ಭಗಳಲ್ಲಿ ಶಾಂತಿ, ವಿಶ್ರಾಂತಿ, ನಿಶ್ಚಿಂತೆಗಳನ್ನು ಹಾರೈಸುವುದು ವಾಡಿಕೆ. ಬಕ್ಕೇಶಪ್ಪನವರನ್ನು ಬಲ್ಲವರು ಹಾಗೆ ಹಾರೈಸಲಾರರು. ಗುರುಬಸವನ ಕೃಪೆಯಿಂದ ಅವರು ನೂರು ವರ್ಷ ಬಾಳಲಿ, ಮತ್ತು ಆ ನೂರು ತುಂಬುವ ದಿನದ ಆಟಕ್ಕೆ ಮುಂಚೆಯೂ ಅವರ ಗಂಟಲಿನಲ್ಲಿ ಉಪ್ಪಿಟ್ಟು ಇಳಿಯದಿರಲಿ, ಅವರ ಕೈ ಹೀಗೆಯೇ ನಡುಗುತ್ತಿರಲಿ.